ಟೀಚರ್ ಹತ್ರ ಅಲ್ಲ, ಡೈರೆಕ್ಟರ್ ಆಫೀಸಿಗೆ ಬರೀರಿ: ಟೆಕ್ಸಾಸಿನ ಕನ್ನಡದ ಅಪ್ಪ ಅಮ್ಮಂದಿರಿಗೆ ಒಂದು ಬಹಿರಂಗ ಪತ್ರ

ನಮಸ್ಕಾರ ಎಲ್ರಿಗೂ,

ಈ ಪತ್ರ ಟೆಕ್ಸಾಸಲ್ಲಿ ಮಕ್ಕಳನ್ನ ಪಬ್ಲಿಕ್ ಸ್ಕೂಲಿಗೆ ಕಳಿಸ್ತಿರೋ ಕನ್ನಡದೋರಿಗೆ. ಫ್ರಿಸ್ಕೋ, ಪ್ಲೇನೋ, ಅರ್ವಿಂಗ್, ಕೇಟಿ, ರೌಂಡ್ ರಾಕ್, ಎಲ್ಲೇ ಇರಿ. ಅದ್ರಲ್ಲೂ ಮಗೂಗೆ ಮಾತು ತಡ ಆಗ್ತಿದೆ, ಓದೋಕೆ ಒದ್ದಾಡ್ತಿದೆ, ಆಟಿಸಂ ಇರ್ಬಹುದು ಅಂತ ಪೀಡಿಯಾಟ್ರಿಶಿಯನ್ ಹೇಳಿದಾರೆ, ಹೀಗೆ ಏನೋ ಒಂದು ಮನಸ್ಸಲ್ಲಿ ಕೊರೀತಾ ಇದ್ದು ಯಾರ ಹತ್ರಾನೂ ಹೇಳ್ಕೊಳ್ದೆ ಸಂಘದ ಯುಗಾದಿ ಪ್ರೋಗ್ರಾಮಲ್ಲಿ ನಗ್ತಾ ಊಟದ ಲೈನಲ್ಲಿ ನಿಂತಿರ್ತಾರಲ್ಲ, ಮುಖ್ಯವಾಗಿ ಅವ್ರಿಗೆ. ಉಳಿದೋರೂ ಓದಿ, ನಾಳೆ ಪಕ್ಕದ ಮನೆಯೋರಿಗೆ ಬೇಕಾಗ್ಬಹುದು.

ಹೇಳ್ಬೇಕಾಗಿರೋದು ಒಂದೇ ವಿಷಯ. ಸ್ಪೆಷಲ್ ಎಜುಕೇಶನ್, ಅಂದ್ರೆ ಇಂಥ ಮಕ್ಕಳಿಗೆ ಸ್ಕೂಲ್ ಕೊಡೋ ವಿಶೇಷ ಕಲಿಕೆಯ ಸಹಾಯ, ಅಂದ ತಕ್ಷಣ ನಾವು ಹೋಗಿ ಟೀಚರ್ ಎದುರು ನಿಂತ್ಕೋತೀವಿ. ಟೀಚರ್ ಒಳ್ಳೇವ್ರಾದ್ರೆ ಕೈ ಮುಗೀತೀವಿ, ದೀಪಾವಳಿಗೆ ಸ್ವೀಟ್ ಬಾಕ್ಸ್ ಕೊಡ್ತೀವಿ. ಕೆಲ್ಸ ಆಗ್ಲಿಲ್ಲ ಅಂದ್ರೆ ಅದೇ ಟೀಚರನ್ನ ಮನೇಲಿ ಕೂತು ಬೈಕೋತೀವಿ, ವಾಟ್ಸಾಪ್ ಗ್ರೂಪಲ್ಲಿ "ಆಯಮ್ಮಂಗೆ ನಮ್ಮೋರನ್ನ ಕಂಡ್ರೆ ಆಗಲ್ಲ" ಅಂತ ಹಾಕ್ತೀವಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದರಂತೆ, ಹಂಗಾಯ್ತು ಇದು. ಸ್ಪೀಚ್ ಥೆರಪಿಸ್ಟನ್ನ ಇನ್ನೊಬ್ರನ್ನ ತಗೊಳ್ಳೋ ಅಧಿಕಾರ ಆ ಟೀಚರಿಗಿಲ್ಲ, ಕ್ಲಾಸಿಗೆ ಇನ್ನೊಬ್ಬ ಪ್ಯಾರಾನ (ಟೀಚರಿಗೆ ಸಹಾಯಕರು) ಹಾಕ್ಸೋ ಅಧಿಕಾರ ಇಲ್ಲ, ನಿಮ್ಮ ಮಗುಗೆ ಬೇಕಾದ ಕ್ಲಾಸ್ ಯಾವ ಕ್ಯಾಂಪಸ್ಸಲ್ಲಿ ಇಡ್ಬೇಕು, ಅಲ್ಲಿಗೆ ಬಸ್ ಹೋಗುತ್ತಾ ಇಲ್ವಾ ಅನ್ನೋದೂ ಅವ್ರ ಕೈಯಲ್ಲಿಲ್ಲ. ಇದೆಲ್ಲಾ ಕೂತಿರೋದು ಸ್ಕೂಲ್ ಡಿಸ್ಟ್ರಿಕ್ಟ್ ಆಫೀಸಲ್ಲಿ, ಅಂದ್ರೆ ಊರಿನ ಪಬ್ಲಿಕ್ ಸ್ಕೂಲುಗಳನ್ನೆಲ್ಲಾ ನಡೆಸೋ ಆಫೀಸಲ್ಲಿ, ಸ್ಪೆಷಲ್ ಎಜುಕೇಶನ್ ಡೈರೆಕ್ಟರ್ ಅನ್ನೋರ ಟೇಬಲ್ ಮೇಲೆ. ಕೆಲವು ಕಡೆ ಎಕ್ಸಿಕ್ಯುಟಿವ್ ಡೈರೆಕ್ಟರ್ ಆಫ್ ಸ್ಪೆಷಲ್ ಸರ್ವೀಸಸ್ ಅಂತಾರೆ, ಏನೇ ಬೋರ್ಡ್ ಹಾಕ್ಕೊಂಡಿದ್ರೂ ಕುರ್ಚಿ ಒಂದೇ.

ನಮ್ಮಲ್ಲಿ ಎಷ್ಟೋ ಜನಕ್ಕೆ ಹೀಗೊಬ್ರು ಇದಾರೆ ಅಂತಾನೇ ಗೊತ್ತಿಲ್ಲ. ಪ್ರಿನ್ಸಿಪಾಲ್ ಹೆಸ್ರು ಗೊತ್ತು, ಸೂಪರಿಂಟೆಂಡೆಂಟ್ ಹೆಸ್ರು ಚಳಿಗಾಲದಲ್ಲಿ ಸ್ನೋ ಡೇ ಈಮೇಲ್ ಬರೋದ್ರಿಂದ ಗೊತ್ತು, ಈ ಮಧ್ಯದೋರು ಮಾತ್ರ ಯಾರ ಕಣ್ಣಿಗೂ ಬೀಳಲ್ಲ.

ಅವ್ರು ಏನ್ ಮಾಡ್ತಾರೆ ಅಂತ ಸ್ವಲ್ಪ ಹೇಳ್ತೀನಿ. ಡಿಸ್ಟ್ರಿಕ್ಟಲ್ಲಿ 3 ವರ್ಷದಿಂದ 21 ವರ್ಷದವರೆಗಿನ ಮಕ್ಕಳಲ್ಲಿ ಯಾರಿಗೆ ಸ್ಪೆಷಲ್ ಎಜುಕೇಶನ್ ಬೇಕಾಗ್ಬಹುದು ಅಂತ ಹುಡುಕೋದು ಡಿಸ್ಟ್ರಿಕ್ಟಿನ ಡ್ಯೂಟಿ, ಚೈಲ್ಡ್ ಫೈಂಡ್ ಅಂತಾರೆ ಅದಕ್ಕೆ, ಅಂದ್ರೆ ನೀವು ಹೋಗಿ ಕೇಳೋವರೆಗೂ ಅವ್ರು ಕಾಯೋ ಹಾಗಿಲ್ಲ. ಆಮೇಲೆ ಟೆಸ್ಟ್ ಮಾಡೋ ಡಯಾಗ್ನಾಸ್ಟಿಶಿಯನ್, ಸ್ಕೂಲ್ ಸೈಕಾಲಜಿಸ್ಟ್, ಸ್ಪೀಚ್ ಥೆರಪಿಸ್ಟ್, ಓಟಿ (ಕೈ ಕೆಲ್ಸ, ದಿನನಿತ್ಯದ ಕೆಲ್ಸ ಕಲಿಸೋ ಥೆರಪಿಸ್ಟ್), ಇವ್ರನ್ನೆಲ್ಲಾ ಹುಡುಕಿ ಕೆಲ್ಸಕ್ಕೆ ತಗೊಳ್ಳೋದು, ಸಿಗದೇ ಇದ್ರೆ ಏಜೆನ್ಸಿ ಜೊತೆ ಕಾಂಟ್ರಾಕ್ಟ್ ಮಾಡೋದು. ಫೆಡರಲ್ ದುಡ್ಡು, ಸ್ಟೇಟ್ ದುಡ್ಡು, ಲೋಕಲ್ ಟ್ಯಾಕ್ಸ್ ದುಡ್ಡು ಮೂರನ್ನೂ ಸೇರ್ಸಿ ಬಜೆಟ್ ಹಾಕೋದು. ಹೋದ ವರ್ಷ ಸ್ಪೆಷಲ್ ಎಜುಕೇಶನ್ನಿಗೆ ಖರ್ಚು ಮಾಡಿದ್ದಕ್ಕಿಂತ ಈ ವರ್ಷ ಕಮ್ಮಿ ಮಾಡೋಕೆ ಸುಮ್ಸುಮ್ನೆ ಬಿಡಲ್ಲ ಕಾನೂನು, ಅದರ ಲೆಕ್ಕ ಇಡೋದೂ ಇವ್ರೇ. ಅಪ್ಪ ಅಮ್ಮ ಕೇಸ್ ಹಾಕಿದ್ರೆ ಲಾಯರ್ ಪಕ್ಕ ಕೂತ್ಕೊಳ್ಳೋದೂ ಇವ್ರೇ. ಕೆಟ್ಟ ಕೆಲ್ಸ ಸ್ವಾಮಿ, ನಂಗಂತೂ ಬೇಡ. ಮೇಲಿಂದ ಸೂಪರಿಂಟೆಂಡೆಂಟ್ ಖರ್ಚು ಇಳ್ಸಿ ಅಂತಾರೆ, ಕೆಳಗಿಂದ ಟೀಚರ್ಸ್ ಜನ ಕೊಡಿ ಅಂತಾರೆ, ಪಕ್ಕದಿಂದ ನಮ್ಮಂಥೋರು.

ದುಡ್ಡಿನ ವಿಷಯ ಬಂದಿದ್ದಕ್ಕೆ ಹೇಳ್ತೀನಿ. ಅಂಗವೈಕಲ್ಯ ಇರೋ ಮಕ್ಕಳಿಗೂ ಪಬ್ಲಿಕ್ ಸ್ಕೂಲಲ್ಲಿ ಓದು ಕೊಡ್ಬೇಕು ಅಂತ 1975ರ ನವೆಂಬರಲ್ಲಿ ಪ್ರೆಸಿಡೆಂಟ್ ಫೋರ್ಡ್ ಸೈನ್ ಹಾಕಿದ ಫೆಡರಲ್ ಕಾನೂನು ಇದೆ, 1990ರಲ್ಲಿ ಐಡಿಇಎ ಅಂತ ಹೆಸರಾಯ್ತು. ಅದಕ್ಕೆ ಮುಂಚೆ ಅಂಗವೈಕಲ್ಯ ಇರೋ 10 ಲಕ್ಷ ಮಕ್ಕಳು ಈ ದೇಶದಲ್ಲಿ ಪಬ್ಲಿಕ್ ಸ್ಕೂಲಿನ ಹೊರಗೇ ಇದ್ರು ಅಂತ ಆ ಕಾನೂನಿನಲ್ಲೇ ಬರ್ದಿದಾರೆ. ಹೌದು, ಅಮೆರಿಕದಲ್ಲೇ. ಈ ಮಕ್ಕಳಿಗೆ ಆಗೋ ಹೆಚ್ಚಿನ ಖರ್ಚಿಗೆ, ಒಂದು ಮಗುಗೆ ದೇಶದ ಸರಾಸರಿ ಖರ್ಚಿನ 40 ಪರ್ಸೆಂಟ್‌ವರೆಗೂ ಫೆಡರಲ್ ಸರ್ಕಾರ ಕೊಡುತ್ತೆ ಅಂತ ಆವಾಗ ಮಾತು. ಇವತ್ತಿನವರೆಗೂ ಆ 40ನ್ನ ಮುಟ್ಟೇ ಇಲ್ಲ, ಇತ್ತೀಚೆಗೆ 15ಕ್ಕಿಂತಾನೂ ಕೆಳಗಿದೆ. ಕಾನೂನು ಮಾಡಿದೋರು ಒಬ್ರು, ದುಡ್ಡು ಹೊಂದಿಸ್ಬೇಕಾದೋರು ಇನ್ನೊಬ್ರು. ಡೈರೆಕ್ಟರ್ ಯಾಕೆ ಪ್ರತಿ ಸಲ "ನೋಡೋಣ" ಅಂತಾರೆ ಅನ್ನೋದಕ್ಕೆ ಅರ್ಧ ಉತ್ತರ ಇಲ್ಲಿದೆ. ಆದ್ರೆ ದುಡ್ಡಿಲ್ಲ ಅನ್ನೋದು ನಿಮ್ಮ ಮಗುಗೆ ಸರ್ವೀಸ್ ಕೊಡದೇ ಇರೋಕೆ ಕಾರಣ ಆಗಲ್ಲ. ಮಗುಗೆ ಏನು ಬೇಕು ಅನ್ನೋದನ್ನ ಮೊದ್ಲು ತೀರ್ಮಾನ ಮಾಡ್ಬೇಕು, ದುಡ್ಡು ಆಮೇಲಿನ ಮಾತು, ಅದು ಅವ್ರ ತಲೆನೋವು.

ಆ ಕುರ್ಚಿಗೆ ಎಷ್ಟು ಪವರ್ ಇದೆ ಅಂತ ನೋಡ್ಬೇಕಂದ್ರೆ ನಮ್ಮ ಸ್ಟೇಟಿನ ಕಥೇನೇ ಸಾಕು. 2004ರಲ್ಲಿ ಟೆಕ್ಸಾಸ್ ಎಜುಕೇಶನ್ ಏಜೆನ್ಸಿ, ಟಿಇಎ ಅಂತೀವಲ್ಲ ಅವ್ರು, ಡಿಸ್ಟ್ರಿಕ್ಟುಗಳ ರಿಪೋರ್ಟ್ ಕಾರ್ಡಲ್ಲಿ ಒಂದು ನಂಬರ್ ಸೇರ್ಸಿದ್ರು, 8.5. ಒಟ್ಟು ಮಕ್ಕಳಲ್ಲಿ 8.5 ಪರ್ಸೆಂಟಿಗಿಂತ ಜಾಸ್ತಿ ಮಕ್ಕಳು ಸ್ಪೆಷಲ್ ಎಜುಕೇಶನಲ್ಲಿದ್ರೆ ಡಿಸ್ಟ್ರಿಕ್ಟಿಗೆ ಕೆಟ್ಟ ಮಾರ್ಕ್ಸು. ಆವಾಗ ಟೆಕ್ಸಾಸಲ್ಲಿ ಸುಮಾರು 12 ಪರ್ಸೆಂಟ್ ಮಕ್ಕಳಿದ್ರು, ದೇಶದ ಸರಾಸರಿ ಸುಮಾರು 13. ಮುಂದಿನ 10-12 ವರ್ಷದಲ್ಲಿ ಟೆಕ್ಸಾಸ್ ಇಳಿದು ಇಳಿದು ಸರಿಯಾಗಿ ಆ 8.5ರ ಪಕ್ಕಕ್ಕೆ ಬಂದು ನಿಂತ್ಕೊಳ್ತು, ದೇಶದಲ್ಲೇ ಕೊನೆ. ಮಕ್ಕಳ ಮೆದುಳೇನು ಬದಲಾಗಿರ್ಲಿಲ್ಲ. ಮಕ್ಕಳಿಗೆ ಕಾನೂನು ಕೊಟ್ಟ ಹಕ್ಕೂ ಹೋಗಿರ್ಲಿಲ್ಲ. 2016ರಲ್ಲಿ ಹ್ಯೂಸ್ಟನ್ ಕ್ರಾನಿಕಲ್ ಪೇಪರ್ ಇದನ್ನ ಸರಣಿ ವರದಿ ಮಾಡಿ ಹೊರಗೆ ಹಾಕ್ತು, 2017ರಲ್ಲಿ ಸ್ಟೇಟ್ ಲೆಜಿಸ್ಲೇಚರ್ ಈ ಥರದ ಕ್ಯಾಪ್ ಇಡೋದನ್ನೇ ನಿಷೇಧ ಮಾಡ್ತು, 2018ರ ಜನವರೀಲಿ ಫೆಡರಲ್ ಎಜುಕೇಶನ್ ಡಿಪಾರ್ಟ್ಮೆಂಟ್ ಟೆಕ್ಸಾಸ್ ಕಾನೂನು ಮುರಿದಿದೆ ಅಂತ ಬರೆದು ಕೊಡ್ತು. ಈಗ ಸಂಖ್ಯೆ ಚೆನ್ನಾಗೇ ಮೇಲೇರಿದೆ ಅನ್ನಿ. ಆದ್ರೆ ಯೋಚ್ನೆ ಮಾಡಿ, ಟಿಇಎ ಇರೋ ಆಸ್ಟಿನ್ನಿಂದ ಒಂದು ನಂಬರ್ ಬಂದಾಗ ಅದನ್ನ ಕ್ಯಾಂಪಸ್ ಕ್ಯಾಂಪಸ್ಸಿಗೂ ಇಳಿಸಿದ್ದು ಯಾರು? ಟೀಚರ್ ಅಲ್ಲ. "ಇನ್ನೂ ಸ್ವಲ್ಪ ದಿನ ನೋಡೋಣ, ಇಂಟರ್ವೆನ್ಷನ್ ಕೊಟ್ಟು ನೋಡೋಣ, 504 ಪ್ಲಾನ್ (ಕ್ಲಾಸಲ್ಲಿ ಸಣ್ಣಪುಟ್ಟ ಅನುಕೂಲ ಮಾಡ್ಕೊಡೋದು) ಸಾಕು" ಅನ್ನೋ ಮಾತುಗಳೆಲ್ಲಾ ಆಫೀಸಿಂದ ಕೆಳಗೆ ಬರೋವು, ನಮ್ಮ ಕಿವಿಗೆ ಬೀಳೋದು ಮಾತ್ರ ಟೀಚರ್ ಬಾಯಿಂದ.

ಆ ಮಾತು ಈಗ್ಲೂ ಬರುತ್ತೆ. ಮಗು ಸೆಕೆಂಡ್ ಗ್ರೇಡ್, ಓದೋಕೆ ಬರ್ತಿಲ್ಲ, ಕೇಳಿದ್ರೆ ಆರ್‌ಟಿಐ (ಹಂತ ಹಂತವಾಗಿ ಕೊಡೋ ಹೆಚ್ಚಿನ ಸಹಾಯ, ಅಂದ್ರೆ ಇಂಟರ್ವೆನ್ಷನ್) ನಡೀತಿದೆ, ಟಿಯರ್ 2 ಮುಗೀಲಿ, ಟಿಯರ್ 3 ಮುಗೀಲಿ ಅಂತ ವರ್ಷ ತಳ್ತಾರೆ. ಇಂಟರ್ವೆನ್ಷನ್ ಕೊಡೋದು ಒಳ್ಳೇದೇ, ಬೇಡ ಅಂತಿಲ್ಲ, ಆದ್ರೆ ಅದರ ನೆಪ ಹೇಳಿ ಇವ್ಯಾಲ್ಯುಯೇಷನ್, ಅಂದ್ರೆ ಮಗುಗೆ ಸ್ಪೆಷಲ್ ಎಜುಕೇಶನ್ ಬೇಕಾ ಅಂತ ನೋಡೋ ಟೆಸ್ಟ್, ತಡ ಮಾಡೋ ಹಾಗಿಲ್ಲ ಅಂತ 2011ರಲ್ಲೇ ಫೆಡರಲ್ ಸ್ಪೆಷಲ್ ಎಜುಕೇಶನ್ ಆಫೀಸು ಎಲ್ಲಾ ಸ್ಟೇಟಿಗೂ ಮೆಮೊ ಕಳ್ಸಿದೆ. ಎರಡೂ ಒಟ್ಟೊಟ್ಟಿಗೆ ನಡೀಬಹುದು.

ಈಗ ಅಸಲಿ ವಿಷ್ಯ. ಟೆಕ್ಸಾಸ್ ಕಾನೂನಲ್ಲಿ ಒಂದು ಸಾಲಿದೆ, ಇಷ್ಟು ವರ್ಷ ಇಲ್ಲಿದ್ದೂ ನಮ್ಮೋರಲ್ಲಿ ಬಹಳ ಜನ ಅದನ್ನ ಕೇಳೇ ಇಲ್ಲ. ಅಪ್ಪ ಅಮ್ಮ ಮಗುವಿನ ಇವ್ಯಾಲ್ಯುಯೇಷನ್ ಬೇಕು ಅಂತ ಡಿಸ್ಟ್ರಿಕ್ಟಿನ ಸ್ಪೆಷಲ್ ಎಜುಕೇಶನ್ ಡೈರೆಕ್ಟರಿಗೋ ಅಥವಾ ಡಿಸ್ಟ್ರಿಕ್ಟಿನ ಅಡ್ಮಿನಿಸ್ಟ್ರೇಟಿವ್ ಎಂಪ್ಲಾಯಿಗೋ ಬರವಣಿಗೇಲಿ ಕೇಳಿದ್ರೆ, 15 ಸ್ಕೂಲ್ ಡೇ ಒಳಗೆ ಅವ್ರು ಉತ್ತರ ಕೊಡ್ಲೇಬೇಕು. ಮಾಡ್ತೀವಿ ಅಂದ್ರೆ ಕನ್ಸೆಂಟ್ ಫಾರ್ಮ್ ಕೊಡ್ಬೇಕು, ಮಾಡಲ್ಲ ಅಂದ್ರೆ ಯಾಕೆ ಮಾಡಲ್ಲ ಅಂತ ಕಾರಣ ಬರೆದು ನೋಟೀಸ್ ಕೊಡ್ಬೇಕು. ನೀವು ಕನ್ಸೆಂಟಿಗೆ ಸೈನ್ ಹಾಕಿ ಕೊಟ್ಟ ದಿನದಿಂದ 45 ಸ್ಕೂಲ್ ಡೇ ಒಳಗೆ ರಿಪೋರ್ಟ್ ಕೈಗೆ ಬರ್ಬೇಕು, ಆಮೇಲೆ 30 ದಿನದಲ್ಲಿ ಮೀಟಿಂಗ್. ಟೀಚರ್ ಹತ್ರ ಕಾರ್ ಲೈನಲ್ಲಿ ನಿಂತು ಬಾಯಲ್ಲಿ ಹೇಳಿದ್ರೆ ಆ 15 ದಿನ ಶುರುನೇ ಆಗಲ್ಲ. ನಿಮ್ಮ ಪಾಡಿಗೆ ನೀವು "ಹೇಳಿದೀನಿ, ನೋಡ್ತಾರೆ" ಅಂದ್ಕೊಂಡಿರ್ತೀರಿ, ಅವ್ರ ಪಾಡಿಗೆ ಅವ್ರು "ಪೇರೆಂಟ್ ಕನ್ಸರ್ನ್ ಹೇಳಿದ್ರು" ಅಂತ ಒಂದು ಕಡೆ ನೋಟ್ ಮಾಡಿ ಇಟ್ಟಿರ್ತಾರೆ, ಕ್ರಿಸ್ಮಸ್ ಬಂದಿರುತ್ತೆ.

ಈಮೇಲ್ ಉದ್ದ ಬೇಕಿಲ್ಲ. ನಮ್ಮೋರು ಹುಟ್ಟಿದಾಗಿಂದ ಶುರು ಮಾಡಿ ಬಾಣಂತನದ ಕಥೆ ಎಲ್ಲಾ ಬರೀತಾರೆ, ಬೇಡ. ಮಗುವಿನ ಹೆಸ್ರು, ಹುಟ್ಟಿದ ದಿನ, ಕ್ಯಾಂಪಸ್, ಗ್ರೇಡ್. ಫುಲ್ ಅಂಡ್ ಇಂಡಿವಿಜುವಲ್ ಇನಿಷಿಯಲ್ ಇವ್ಯಾಲ್ಯುಯೇಷನ್ ಬೇಕು ಅನ್ನೋ ಒಂದು ವಾಕ್ಯ. ಏನೇನು ತೊಂದ್ರೆ ಕಾಣ್ತಿದೆ ಅನ್ನೋದು ಮೂರ್ನಾಲ್ಕು ಸಾಲು, ಓದು, ಮಾತು, ಗಮನ, ಬೇರೆ ಮಕ್ಕಳ ಜೊತೆ ಬೆರೆಯೋದು, ಕೈ ಬರಹ, ಏನಿದ್ಯೋ ಅದು. ಡಾಕ್ಟರ್ ರಿಪೋರ್ಟ್ ಇದ್ರೆ ಅಟ್ಯಾಚ್ ಮಾಡಿ. ಡೈರೆಕ್ಟರಿಗೆ ಟು ಹಾಕಿ, ಪ್ರಿನ್ಸಿಪಾಲಿಗೆ ಸಿಸಿ ಹಾಕಿ. ಡೈರೆಕ್ಟರ್ ಈಮೇಲ್ ಡಿಸ್ಟ್ರಿಕ್ಟ್ ವೆಬ್‌ಸೈಟಲ್ಲಿ ಸ್ಪೆಷಲ್ ಸರ್ವೀಸಸ್ ಪೇಜಲ್ಲಿ ಸಾಮಾನ್ಯವಾಗಿ ಇರುತ್ತೆ. ಟೀಚರಿಗೆ ಬೇಜಾರಾಗುತ್ತೆ ಅಂತ ಹೆದ್ರಬೇಡಿ, ಎಷ್ಟೋ ಟೀಚರ್ಸಿಗೆ ಒಳಗೊಳಗೇ ಖುಷಿ ಆಗುತ್ತೆ, ಅವ್ರು ಬಾಯಿ ಬಿಟ್ಟು ಹೇಳೋಕೆ ಆಗದೇ ಇದ್ದಿದ್ದನ್ನ ನೀವು ಕೇಳಿರ್ತೀರಿ.

ಸರಿ, ಮಗು ಎಲಿಜಿಬಲ್ ಆಯ್ತು, ಮೀಟಿಂಗ್ ಬಂತು. ಮಗುಗೆ ಏನೇನು ಕೊಡ್ಬೇಕು ಅಂತ ಬರೆಯೋ ಪ್ಲಾನೇ ಐಇಪಿ, ಬೇರೆ ಸ್ಟೇಟಲ್ಲಿ ಇದಕ್ಕೆ ಐಇಪಿ ಮೀಟಿಂಗ್ ಅಂತಾರೆ, ನಮ್ಮಲ್ಲಿ ಎಆರ್‌ಡಿ, ಬಾಯಲ್ಲಿ ಆರ್ಡ್. ಒಂದ್ ಕಡೆ ಆರೇಳು ಜನ ಲ್ಯಾಪ್‌ಟಾಪ್ ಇಟ್ಕೊಂಡು ಕೂತಿರ್ತಾರೆ, ಈ ಕಡೆ ಅಮ್ಮ ಒಬ್ಳು, ಅಪ್ಪ ಆಫೀಸಿಂದ ಫೋನಲ್ಲಿ ಮ್ಯೂಟಲ್ಲಿ. ಸ್ಕ್ರೀನ್ ಮೇಲೆ ಪೇಜ್ ಪೇಜ್ ಸರಸರ ಓಡ್ತಿರುತ್ತೆ. ಆಟಿಸಂ ಇರೋ ಮಗು ಆದ್ರೆ ಒಂದು ಸಪ್ಲಿಮೆಂಟ್ ಅಂತ ಬರುತ್ತೆ, ಟೆಕ್ಸಾಸಲ್ಲಿ ಕಡ್ಡಾಯ, ಅದ್ರಲ್ಲಿ 11 ಐಟಂ. ಒಂದೊಂದನ್ನೂ ಚರ್ಚೆ ಮಾಡಿ ಬೇಕೋ ಬೇಡ್ವೋ, ಬೇಡ ಅಂದ್ರೆ ಯಾಕೆ ಬೇಡ ಅಂತ ತೀರ್ಮಾನ ಮಾಡ್ಬೇಕು ಅಂತ ರೂಲ್. ನಡೆಯೋದು ಏನು? "ನಾಟ್ ನೀಡೆಡ್ ಅಟ್ ದಿಸ್ ಟೈಮ್, ನಾಟ್ ನೀಡೆಡ್, ನಾಟ್ ನೀಡೆಡ್" ಅಂತ ಒಂದೇ ಉಸಿರಿಗೆ ಓದ್ಕೊಂಡು ಹೋಗ್ತಾರೆ. ಆ 11ರಲ್ಲಿ ಮನೆಗೇ ಬಂದು ಕಲಿಸೋ ಇನ್-ಹೋಮ್ ಟ್ರೈನಿಂಗ್ ಇದೆ, ಅಪ್ಪ ಅಮ್ಮನಿಗೆ ಟ್ರೈನಿಂಗ್ ಇದೆ, ಎಷ್ಟು ಮಕ್ಕಳಿಗೆ ಎಷ್ಟು ಸ್ಟಾಫ್ ಅನ್ನೋದಿದೆ, ಬೇಸಿಗೆ ರಜೆಯಲ್ಲೂ ಕ್ಲಾಸ್ ಮುಂದುವರಿಸೋದಿದೆ. ನಂಗೆ ಗೊತ್ತಿರೋ ಒಬ್ರು, ದಾವಣಗೆರೆ ಕಡೆಯೋರು, ನಾಲ್ಕನೇ ಐಟಮ್ಮಿಗೆ "ಒಂದ್ನಿಮಿಷ, ಇದು ಯಾಕೆ ಬೇಡ ಅಂತ ಹೇಳಿ, ನಂಗೆ ಬರ್ಕೋಬೇಕು" ಅಂದ್ರಂತೆ. ರೂಮ್ ಪೂರ್ತಿ ನಿಂತೋಯ್ತಂತೆ. ಜೋರು ಮಾಡ್ಲಿಲ್ಲ, ಜಗಳ ಮಾಡ್ಲಿಲ್ಲ, ಪೆನ್ ಹಿಡ್ಕೊಂಡು ಕಾಯ್ತಾ ಕೂತ್ರು ಅಷ್ಟೆ. ಆ ಮಗುಗೆ ಪೇರೆಂಟ್ ಟ್ರೈನಿಂಗ್ ಸಿಕ್ತು.

ಆ ಟೇಬಲ್ಲಿನ ಸುತ್ತ ಕೂತಿರೋರಲ್ಲಿ ಒಬ್ರು ಡಿಸ್ಟ್ರಿಕ್ಟಿನ ಪ್ರತಿನಿಧಿ ಇರ್ಬೇಕು ಅಂತ ಫೆಡರಲ್ ಕಾನೂನೇ ಹೇಳುತ್ತೆ. ಆ ವ್ಯಕ್ತಿಗೆ ಸ್ಪೆಷಲ್ ಎಜುಕೇಶನ್ ಗೊತ್ತಿರ್ಬೇಕು, ಮಾಮೂಲಿ ಸಿಲಬಸ್ ಗೊತ್ತಿರ್ಬೇಕು, ಡಿಸ್ಟ್ರಿಕ್ಟ್ ಹತ್ರ ಏನೇನು ಸೌಲಭ್ಯ ಇದೆ ಅಂತ ಗೊತ್ತಿರ್ಬೇಕು. ಸಾಮಾನ್ಯವಾಗಿ ಅಸಿಸ್ಟೆಂಟ್ ಪ್ರಿನ್ಸಿಪಾಲನ್ನ ತಂದು ಕೂರಿಸ್ತಾರೆ. ಪಾಪ ಅವ್ರಿಗೆ ಅವತ್ತು ಬೆಳಿಗ್ಗೆ ಕೆಫೆಟೇರಿಯಾದಲ್ಲಿ ಹೊಡೆದಾಡಿದ ಇಬ್ರು ಹುಡುಗ್ರದ್ದು ಪಂಚಾಯ್ತಿ ಇರುತ್ತೆ. ನೀವು ಏನೇ ಕೇಳಿ, "ಐ ಹ್ಯಾವ್ ಟು ಚೆಕ್ ವಿತ್ ದಿ ಡಿಸ್ಟ್ರಿಕ್ಟ್" ಅಂತಾರೆ. ಅಂದ್ರೆ ಡಿಸ್ಟ್ರಿಕ್ಟ್ ಪ್ರತಿನಿಧಿ ಡಿಸ್ಟ್ರಿಕ್ಟನ್ನ ಕೇಳ್ಕೊಂಡು ಬರ್ಬೇಕು! ಹಿಂಗಾದಾಗ ಕೇಳೋದು ಇಷ್ಟೇ: ಹಾಗಾದ್ರೆ ಯಾರನ್ನ ಕೇಳ್ಬೇಕೋ ಅವ್ರನ್ನೇ ಈ ಮೀಟಿಂಗಿಗೆ ಕರೀರಿ. ಒಪ್ಪಿಗೆ ಇಲ್ಲ ಅಂದ್ರೆ ಡಿಸ್‌ಅಗ್ರೀ ಅಂತ ಟಿಕ್ ಹಾಕ್ಬಹುದು, ಆವಾಗ ಒಂದು ಸಲ 10 ಸ್ಕೂಲ್ ಡೇ ಮೀರದ ಬ್ರೇಕ್ ತಗೊಂಡು ಮತ್ತೆ ಸೇರೋ ಅವಕಾಶ ಅವ್ರು ನಿಮಗೆ ಕೊಡ್ಬೇಕು. ಆ ಬ್ರೇಕಲ್ಲಿ ಡೈರೆಕ್ಟರಿಗೆ ಈಮೇಲ್ ಹಾಕಿ, ನೀವೇ ಬನ್ನಿ ಇಲ್ಲಾ ನಿಮ್ಮ ಪರವಾಗಿ ಹೌದು ಅನ್ನೋಕಾಗೋರನ್ನ ಕಳ್ಸಿ ಅಂತ. ಸೈನ್ ಹಾಕಿ ಮನೆಗೆ ಬಂದು ಅಳೋದಕ್ಕಿಂತ ಇದು ವಾಸಿ.

ಇನ್ನೊಂದು, ಮೀಟಿಂಗಿಗೆ ಮುಂಚೇನೇ ಆಫೀಸಲ್ಲಿ ಎಲ್ಲಾ ತೀರ್ಮಾನ ಮಾಡ್ಕೊಂಡು ಬಂದು ನಿಮ್ಮ ಮುಂದೆ ಶಾಸ್ತ್ರಕ್ಕೆ ಓದೋ ಹಾಗಿಲ್ಲ. ಟೆನೆಸ್ಸೀಲಿ ಹ್ಯಾಮಿಲ್ಟನ್ ಕೌಂಟಿಯೋರು ಆಟಿಸಂ ಇರೋ ಒಂದು ಮಗುಗೆ ಒನ್-ಆನ್-ಒನ್ ಎಬಿಎ (ಆಟಿಸಂ ಮಕ್ಕಳಿಗೆ ಕೊಡೋ ಒಂದು ವರ್ತನೆ ಥೆರಪಿ) ಕೊಡಲ್ಲ ಅಂತ ಒಳಗೊಳಗೇ ಪಾಲಿಸಿ ಇಟ್ಕೊಂಡಿದ್ರು, ತಾವು ಆಗ್ಲೇ ದುಡ್ಡು ಹಾಕಿದ್ದ ಬೇರೆ ಪ್ರೋಗ್ರಾಮೇ ಸಾಕು ಅಂತ. 2004ರಲ್ಲಿ ಸಿಕ್ಸ್ತ್ ಸರ್ಕ್ಯೂಟ್ ಅಪೀಲ್ ಕೋರ್ಟ್ ಅದು ತಪ್ಪು ಅಂತ ಹೇಳ್ತು. ಟೆಕ್ಸಾಸ್ ಬೇರೆ ಸರ್ಕ್ಯೂಟಿಗೆ ಸೇರಿದ್ದು, ಆ ತೀರ್ಪು ಇಲ್ಲಿ ನೇರವಾಗಿ ಕಟ್ಟಿಹಾಕಲ್ಲ, ಆದ್ರೆ ಯಾವ ಡೈರೆಕ್ಟರಿಗೂ ಅದು ಗೊತ್ತಿಲ್ದೇ ಇರಲ್ಲ. ಹಾಗಾಗಿ "ನಮ್ಮ ಡಿಸ್ಟ್ರಿಕ್ಟಲ್ಲಿ ಅದನ್ನ ಕೊಡಲ್ಲ" ಅನ್ನೋ ಮಾತು ಕೇಳಿದ್ರೆ ಅದನ್ನ ಬರೆದು ಕೊಡಿ ಅಂತ ನಯವಾಗಿ ಕೇಳಿ. ಪ್ರಯರ್ ರಿಟನ್ ನೋಟೀಸ್ ಅಂತ ಅದರ ಹೆಸ್ರು. ನೀವು ಕೇಳಿದ್ದಕ್ಕೆ ಇಲ್ಲ ಅಂದ್ರೆ, ಏನು ಇಲ್ಲ ಅಂದಿದ್ದು, ಯಾಕೆ, ಯಾವ ಆಧಾರದ ಮೇಲೆ ಅಂತ ಅವ್ರು ಕೊಡ್ಲೇಬೇಕು. ಬಾಯಲ್ಲಿ ಸಲೀಸಾಗಿ ಬರೋ ಎಷ್ಟೋ "ಇಲ್ಲ"ಗಳು ಕಾಗದದ ಮೇಲೆ ಬರೋಕೆ ಒಪ್ಪಲ್ಲ.

ಹಂಗೇ "ನಿಮ್ಮ ಮಗ ಇಂಪ್ರೂವ್ ಆಗ್ತಿದಾನಲ್ಲ" ಅನ್ನೋದು. ವರ್ಷ ವರ್ಷ ಅದೇ ಗೋಲು, ಪರ್ಸೆಂಟ್ ಮಾತ್ರ 60 ಇದ್ದಿದ್ದು 65. ಕೊಲೊರಾಡೋದ ಡಗ್ಲಸ್ ಕೌಂಟಿ ಸ್ಕೂಲ್ ಡಿಸ್ಟ್ರಿಕ್ಟಲ್ಲಿ ಹೀಗೇ ಆಗಿ ಅಪ್ಪ ಅಮ್ಮ ಸುಪ್ರೀಂ ಕೋರ್ಟಿಗೆ ಹೋದ್ರು, 2017ರ ಮಾರ್ಚಲ್ಲಿ ಎಲ್ಲಾ ಜಡ್ಜುಗಳೂ ಒಮ್ಮತದಿಂದ ಹೇಳಿದ್ದು, ಹೆಸರಿಗೆ ಒಂಚೂರು ಪ್ರಗತಿ ಆದ್ರೆ ಸಾಲ್ದು, ಆ ಮಗುವಿನ ಪರಿಸ್ಥಿತಿ ನೋಡಿ ಅದಕ್ಕೆ ತಕ್ಕ ಪ್ರಗತಿ ಆಗೋ ಥರ ಪ್ಲಾನ್ ಇರ್ಬೇಕು ಅಂತ. ಎಂಡ್ರೂ ಎಫ್ ಕೇಸ್ ಅಂತಾರೆ. ಹೆಸ್ರು ಬರ್ದಿಟ್ಕೊಳ್ಳಿ.

ಈಗ ನಮ್ಮ ಭಾಷೆ ವಿಷಯ, ಇದ್ರಲ್ಲಿ ಡೈರೆಕ್ಟರುಗಳದ್ದೂ ತಪ್ಪಿದೆ ನಮ್ಮೋರದ್ದೂ ತಪ್ಪಿದೆ. ಸ್ಕೂಲಿಗೆ ಸೇರ್ಸೋವಾಗ ಹೋಮ್ ಲ್ಯಾಂಗ್ವೇಜ್ ಸರ್ವೆ ಅಂತ ಒಂದು ಫಾರ್ಮ್ ಕೊಡ್ತಾರೆ, ಮನೇಲಿ ಹೆಚ್ಚು ಯಾವ ಭಾಷೆ ಮಾತಾಡ್ತೀರ ಅಂತ. ಇಎಸ್ಎಲ್ (ಇಂಗ್ಲಿಷ್ ಸರಿಯಾಗಿ ಬರದ ಮಕ್ಕಳಿಗೆ ಇಂಗ್ಲಿಷ್ ಕಲಿಸೋ) ಕ್ಲಾಸಿಗೆ ಹಾಕ್ಬಿಡ್ತಾರೆ ಅಂತ ಹೆದ್ರಿ ನಮ್ಮೋರು ಕಣ್ಣು ಮುಚ್ಚಿ ಇಂಗ್ಲಿಷ್ ಅಂತ ಬರೀತಾರೆ. ಮನೇಲಿ ಅಜ್ಜಿ, ಅಮ್ಮ, ಮಗು ಎಲ್ಲಾ ಕನ್ನಡಾನೇ. ಆಮೇಲೆ ಮಗೂನ ಟೆಸ್ಟ್ ಮಾಡೋ ದಿನ ಸ್ಪೀಚ್ ಥೆರಪಿಸ್ಟ್ ಫೈಲ್ ತೆಗೆದು ನೋಡ್ತಾರೆ, ಇಂಗ್ಲಿಷ್ ಅಂತಿದೆ, ಇಂಗ್ಲಿಷಲ್ಲೇ ಟೆಸ್ಟ್ ಮಾಡ್ತಾರೆ. ಪೆಂಗ್ವಿನ್ ಚಿತ್ರ ತೋರ್ಸಿ ಕೇಳಿದ್ರೆ ಮಗು ಸುಮ್ನೆ ಕೂರುತ್ತೆ, ಮನೇಲಿ ಅದೇ ಮಗು "ಅಜ್ಜಿ ಮೊಸರನ್ನ ಬೇಡ ಚಪಾತಿ ಕೊಡು" ಅಂತ ಪೂರ್ತಿ ವಾಕ್ಯ ಹೇಳಿರುತ್ತೆ. ರಿಪೋರ್ಟಲ್ಲಿ ಆ ವಾಕ್ಯ ಇರಲ್ಲ. ಇದಕ್ಕೆ ಉಲ್ಟಾನೂ ಆಗುತ್ತೆ, ಕನ್ನಡದಲ್ಲೂ ಮಾತು ಬರ್ತಿಲ್ಲದ ಮಗುನ "ಎರಡು ಭಾಷೆ ಅಲ್ವಾ, ತಡ ಆಗುತ್ತೆ, ಕಾಯಿರಿ" ಅಂತ ಎರಡು ವರ್ಷ ಕಾಯಿಸ್ತಾರೆ. ಕಾನೂನು ಏನು ಹೇಳುತ್ತೆ ಅಂದ್ರೆ, ಮಗುವಿನ ಮಾತೃಭಾಷೇಲೇ, ಮಗುಗೆ ಏನು ಗೊತ್ತು ಅನ್ನೋದು ಸರಿಯಾಗಿ ಹೊರಗೆ ಬರೋ ರೀತೀಲಿ ಟೆಸ್ಟ್ ಮಾಡ್ಬೇಕು, ಅದು ಸಾಧ್ಯವೇ ಇಲ್ಲ ಅನ್ನೋ ಹಾಗಿದ್ರೆ ಮಾತ್ರ ಬಿಡ್ಬಹುದು. ಸ್ಪ್ಯಾನಿಷ್ ಗೊತ್ತಿರೋ ಥೆರಪಿಸ್ಟ್ ಟೆಕ್ಸಾಸಲ್ಲಿ ಸಿಗ್ತಾರೆ, ಕನ್ನಡ ಗೊತ್ತಿರೋರು ಎಲ್ಲೋ ಒಬ್ರು. ಹಾಗಂತ ಬಿಡೋ ಹಾಗಿಲ್ಲ, ಇಂಟರ್ಪ್ರಿಟರ್ ಹುಡ್ಕೋದು, ಆನ್‌ಲೈನಲ್ಲಾದ್ರೂ ಒಬ್ರನ್ನ ಗೊತ್ತು ಮಾಡೋದು ಆ ಆಫೀಸಿನ ಕೆಲ್ಸ. ಆದ್ರೆ ಕನ್ನಡ ಅಂತ ನೀವು ಫಾರ್ಮಲ್ಲಿ ಬರೀದೇ ಇದ್ರೆ ಅವ್ರು ಯಾಕೆ ಹುಡುಕ್ತಾರೆ?

ಮೀಟಿಂಗಿಗೂ ಅಷ್ಟೇ, ಅಪ್ಪ ಅಮ್ಮನಿಗೆ ಅರ್ಥ ಆಗೋಕೆ ಇಂಟರ್ಪ್ರಿಟರ್ ಬೇಕಂದ್ರೆ ಡಿಸ್ಟ್ರಿಕ್ಟೇ ಕೊಡ್ಬೇಕು, ಫ್ರೀ. ಇಂಗ್ಲಿಷ್ ಬರುತ್ತಲ್ಲಾ ಅಂತ ನಾಚಿಕೆ ಪಡ್ಬೇಡಿ, ಟಾರ್ಗೆಟಲ್ಲಿ ಸಾಮಾನು ತರೋ ಇಂಗ್ಲಿಷೇ ಬೇರೆ, ಆರ್ಡ್ ಮೀಟಿಂಗಿನ ಇಂಗ್ಲಿಷೇ ಬೇರೆ, ಇಲ್ಲೇ ಹುಟ್ಟಿದೋರಿಗೂ ಅದು ಅರ್ಧ ಅರ್ಥ ಆಗಲ್ಲ. ಹಾಂ, ಮನೇಲಿ ಕನ್ನಡ ಬಿಟ್ಟು ಬರೀ ಇಂಗ್ಲಿಷ್ ಮಾತಾಡಿ ಅಂತ ಯಾರಾದ್ರೂ ಸಲಹೆ ಕೊಟ್ರೆ ಒಪ್ಕೋಬೇಡಿ. ಎರಡು ಭಾಷೆ ಕೇಳಿಸ್ಕೊಂಡು ಬೆಳೆದ್ರೆ ಆಟಿಸಂ ಮಕ್ಕಳ ಮಾತು ಕೆಡುತ್ತೆ ಅನ್ನೋದಕ್ಕೆ ಸಂಶೋಧನೇಲಿ ಆಧಾರ ಸಿಕ್ಕಿಲ್ಲ. ಅಜ್ಜಿ ಜೊತೆ ಮಾತೇ ನಿಂತೋದ ಮನೆಗಳನ್ನ ನೋಡಿದೀನಿ, ಹೊಟ್ಟೆ ಉರಿಯುತ್ತೆ.

ಊರಿಗೆ ಹೋದಾಗ ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಆಯಿಷ್‌ನಲ್ಲಿ ಮಗೂನ ತೋರ್ಸ್ಕೊಂಡು ಬರೋರು ಎಷ್ಟೋ ಜನ ಇದಾರೆ. ಅಲ್ಲಿ ಕನ್ನಡದಲ್ಲೇ ಟೆಸ್ಟ್ ಮಾಡ್ತಾರೆ. ಆ ರಿಪೋರ್ಟನ್ನ ಸೂಟ್‌ಕೇಸಲ್ಲೇ ಬಿಡ್ಬೇಡಿ. ಅಪ್ಪ ಅಮ್ಮ ತಾವೇ ಹೊರಗೆ ಮಾಡಿಸಿದ ಇವ್ಯಾಲ್ಯುಯೇಷನ್ನನ್ನ, ಅವ್ರ ಮಾನದಂಡಕ್ಕೆ ಸರಿ ಬಂದ್ರೆ, ಡಿಸ್ಟ್ರಿಕ್ಟು ಪರಿಗಣನೆಗೆ ತಗೊಳ್ಲೇಬೇಕು. ಅದ್ರಲ್ಲಿರೋದನ್ನೆಲ್ಲಾ ಒಪ್ಪಬೇಕು ಅಂತಿಲ್ಲ, ಆದ್ರೆ ಓದಿ ಚರ್ಚೆ ಮಾಡ್ಬೇಕು. ಡಿಸ್ಟ್ರಿಕ್ಟ್ ಮಾಡಿದ ಟೆಸ್ಟೇ ಸರಿಯಿಲ್ಲ ಅನ್ಸಿದ್ರೆ ಅವ್ರದ್ದೇ ಖರ್ಚಲ್ಲಿ ಹೊರಗಿನವರಿಂದ ಮಾಡ್ಸಿ ಅಂತ ಕೇಳ್ಬಹುದು. ಒಂದೋ ದುಡ್ಡು ಕೊಡ್ಬೇಕು, ಇಲ್ಲಾ ತಮ್ಮ ಟೆಸ್ಟೇ ಸರಿ ಅಂತ ಡ್ಯೂ ಪ್ರೋಸೆಸ್ ಹಿಯರಿಂಗಿಗೆ (ಕೋರ್ಟಿನ ಥರದ ವಿಚಾರಣೆ) ತಾವೇ ಹೋಗ್ಬೇಕು. ಸುಮ್ನೆ ಇಲ್ಲ ಅನ್ನೋ ಮೂರನೇ ದಾರಿ ಅವ್ರಿಗಿಲ್ಲ. ಇದನ್ನೂ ಡೈರೆಕ್ಟರಿಗೇ ಬರೀಬೇಕು.

ವೀಸಾ ಹೆದರಿಕೆ ಇನ್ನೊಂದು. ಎಚ್-1ಬಿ ಇದೀವಿ, ಗ್ರೀನ್ ಕಾರ್ಡ್ ಕ್ಯೂನಲ್ಲಿದೀವಿ, ಡಿಸ್ಟ್ರಿಕ್ಟ್ ಜೊತೆ ಯಾಕೆ ಕಿರಿಕ್ ಅಂತ ತುಟಿ ಪಿಟಕ್ ಅನ್ನಲ್ಲ. ವೀಸಾಗೂ ಮಗುವಿನ ಸ್ಕೂಲಿಗೂ ಸಂಬಂಧ ಇಲ್ಲ. 1982ರ ಪ್ಲೈಲರ್ ಕೇಸಲ್ಲಿ ದಾಖಲೆಪತ್ರವೇ ಇಲ್ಲದ ಮಕ್ಕಳನ್ನೂ ಪಬ್ಲಿಕ್ ಸ್ಕೂಲಿಂದ ಹೊರಗಿಡೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು, ಆ ಕೇಸ್ ಹುಟ್ಟಿದ್ದು ನಮ್ಮ ಟೆಕ್ಸಾಸಿನ ಟೈಲರಲ್ಲೇ, ಡಲ್ಲಾಸಿಂದ ಒಂದೂವರೆ ಎರಡು ಗಂಟೆ ಡ್ರೈವ್. ಅವ್ರಿಗೇ ಹಕ್ಕಿದೆ ಅಂದ್ಮೇಲೆ ಟ್ಯಾಕ್ಸ್ ಕಟ್ಕೊಂಡು ಕೂತಿರೋ ನಿಮಗೇನು? 2025ರ ಮಾರ್ಚಲ್ಲಿ ಫೆಡರಲ್ ಎಜುಕೇಶನ್ ಡಿಪಾರ್ಟ್ಮೆಂಟನ್ನ ಮುಚ್ಚೋ ಕಡೆ ಹೆಜ್ಜೆ ಇಡಿ ಅಂತ ಪ್ರೆಸಿಡೆಂಟ್ ಆದೇಶ ಆದಾಗ ಗ್ರೂಪುಗಳಲ್ಲಿ ಐಇಪಿ ಎಲ್ಲಾ ಮುಗೀತು ಅಂತ ಮೆಸೇಜ್ ಓಡಾಡ್ತು. ಐಡಿಇಎ ಕಾಂಗ್ರೆಸ್ ಪಾಸ್ ಮಾಡಿದ ಕಾನೂನು, ಒಂದು ಆದೇಶಕ್ಕೆ ಅಳಿಸಿ ಹೋಗಲ್ಲ. ಮೇಲಿನವರ ಕಣ್ಣು ಸಡಿಲ ಆದ್ರೆ ಡಿಸ್ಟ್ರಿಕ್ಟ್ ಆಫೀಸಿನ ಕೈ ಇನ್ನೂ ಜೋರಾಗುತ್ತೆ, ಹಾಗಾಗಿ ಆ ಆಫೀಸಿನ ಪರಿಚಯ ಈಗ ಮುಂಚೆಗಿಂತ ಜಾಸ್ತಿ ಬೇಕು ಅನ್ನೋದು ನನ್ನ ಅಭಿಪ್ರಾಯ.

ಸಂಘದ ಕಮಿಟಿಯೋರಿಗೊಂದು ಮಾತು. ರಾಜ್ಯೋತ್ಸವಕ್ಕೆ ರಿಯಲ್ ಎಸ್ಟೇಟ್ ಏಜೆಂಟಿಗೆ ಟೇಬಲ್ ಕೊಡ್ತೀರ, ಇನ್ಶೂರೆನ್ಸಿಗೆ ಕೊಡ್ತೀರ, ಸೀರೆ ಸ್ಟಾಲ್ ನಾಲ್ಕಿರುತ್ತೆ. ನಿಮ್ಮ ಊರಿನ ಡಿಸ್ಟ್ರಿಕ್ಟಿನ ಸ್ಪೆಷಲ್ ಎಜುಕೇಶನ್ ಡೈರೆಕ್ಟರನ್ನ ಒಂದು ಶನಿವಾರ ಕರೀರಿ. ಕಾಫಿ ಕೊಡಿ, ಒಂದು ಗಂಟೆ ಮಾತಾಡ್ಲಿ, ಆಮೇಲೆ ಜನ ಪ್ರಶ್ನೆ ಕೇಳ್ಲಿ. ಬರ್ತಾರೆ, ಚೈಲ್ಡ್ ಫೈಂಡ್ ಅವ್ರ ಡ್ಯೂಟಿ ಅಂತ ಆಗ್ಲೇ ಹೇಳಿದ್ನಲ್ಲ. ಈ ಥರದ ಸಭೇಲಿ ಮುಂದಿನ ಸಾಲಲ್ಲಿ ಯಾರೂ ಕೂರಲ್ಲ, ಎಲ್ರೂ ಹಿಂದೆ ಗೋಡೆಗೆ ಒರಗಿ ನಿಂತಿರ್ತಾರೆ, ಬೇರೆಯೋರಿಗೋಸ್ಕರ ಬಂದಿದೀವಿ ಅನ್ನೋ ಥರ. ಪರ್ವಾಗಿಲ್ಲ, ನಿಲ್ಲಲಿ. ಡೈರೆಕ್ಟರಿಗೂ ಇದ್ರಿಂದ ಲಾಭ ಇದೆ, ಕನ್ನಡ, ತೆಲುಗು, ತಮಿಳು ಮಾತಾಡೋ ಮನೆಗಳು ತಮ್ಮ ಡಿಸ್ಟ್ರಿಕ್ಟಲ್ಲಿ ಎಷ್ಟಿವೆ ಅಂತ ಕಣ್ಣಾರೆ ನೋಡ್ತಾರೆ, ಮುಂದಿನ ಬಜೆಟಲ್ಲಿ ಇಂಟರ್ಪ್ರಿಟರ್ ಸಾಲು ಬರೆಯೋವಾಗ ನೆನಪಿರುತ್ತೆ. ಸ್ಕೂಲ್ ಬೋರ್ಡ್ ಮೀಟಿಂಗಲ್ಲಿ ಬಜೆಟ್ ಚರ್ಚೆಗೆ ಬರೋ ದಿನ ಇಬ್ರು ಮೂವರಾದ್ರೂ ಹೋಗಿ ಮಾತಾಡಿ. ಫುಟ್‌ಬಾಲ್ ಸ್ಟೇಡಿಯಂ ಬಾಂಡಿಗೆ ಊರೆಲ್ಲಾ ಸೇರುತ್ತೆ, ಸ್ಪೀಚ್ ಥೆರಪಿಸ್ಟ್ ಪೋಸ್ಟ್ ಖಾಲಿ ಬಿದ್ದಿರೋದಕ್ಕೆ ಯಾರೂ ಮೈಕ್ ಹತ್ರ ಹೋಗಲ್ಲ.

ಕೊನೇದಾಗಿ ಟೈಮಿಂಗ್. ನಿಮ್ಮ ಮಗು ಈಗ ಇಸಿಐ (3 ವರ್ಷದೊಳಗಿನ ಮಕ್ಕಳಿಗೆ ಸ್ಟೇಟ್ ನಡೆಸೋ ಪ್ರೋಗ್ರಾಮ್) ಸರ್ವೀಸಲ್ಲಿದ್ರೆ ಅದು 3ನೇ ಹುಟ್ಟುಹಬ್ಬಕ್ಕೆ ನಿಲ್ಲುತ್ತೆ, ಅಷ್ಟರೊಳಗೆ ಡಿಸ್ಟ್ರಿಕ್ಟಿಗೆ ಹಸ್ತಾಂತರ ಆಗಿ ಪ್ಲಾನ್ ರೆ‌ಡಿ ಇರ್ಬೇಕು, ಎರಡೂವರೆ ವರ್ಷಕ್ಕೇ ಬೆನ್ನು ಬೀಳಿ. ಸ್ಕೂಲಲ್ಲಿರೋ ಮಕ್ಕಳಿಗೆ, ಏಪ್ರಿಲ್ ಮೇ ತಿಂಗಳವರೆಗೂ ಕಾಯ್ಬೇಡಿ. ವರ್ಷದ ಕೊನೇ ದಿನಕ್ಕೆ 35 ಸ್ಕೂಲ್ ಡೇಗಿಂತ ಕಮ್ಮಿ ಇರೋವಾಗ ನಿಮ್ಮ ಕನ್ಸೆಂಟ್ ಕೈ ಸೇರಿದ್ರೆ ಆ 45 ದಿನದ ಲೆಕ್ಕ ಬೇಸಿಗೆ ದಾಟಿ ಮುಂದಿನ ವರ್ಷಕ್ಕೆ ಹೋಗುತ್ತೆ. 35ರಿಂದ 45ರ ಮಧ್ಯೆ ಸಿಕ್ಕಿದ್ರೆ ಜೂನ್ 30ರೊಳಗೆ ರಿಪೋರ್ಟ್ ಕೊಡ್ಬೇಕು. ಉತ್ತರಕ್ಕೆ ಅವ್ರಿಗಿರೋ 15 ದಿನಾನೂ ಸೇರ್ಸಿ ಲೆಕ್ಕ ಹಾಕಿ, ಮಧ್ಯ ಸ್ಪ್ರಿಂಗ್ ಬ್ರೇಕ್ ಬೇರೆ ಬರುತ್ತೆ. ಜನವರಿ ಕೊನೆ ಒಳಗೆ ಈಮೇಲ್ ಹೋದ್ರೆ ಇದೇ ವರ್ಷ ಮೀಟಿಂಗ್ ಆಗೋ ಸಾಧ್ಯತೆ ಹೆಚ್ಚು. ಡ್ರಾಫ್ಟ್ ಬರೆದು ನೋಡ್ಕೊಡಿ ಅಂತ ಯಾರಾದ್ರೂ ಕೇಳಿದ್ರೆ ನೋಡ್ಕೊಡ್ತೀನಿ, ಸಂಘದಲ್ಲಿ ಸಿಕ್ಕಾಗ ಪಕ್ಕಕ್ಕೆ ಕರೆದು ಹೇಳಿ, ಮಗುವಿನ ಹೆಸ್ರು ಹೇಳೋದೂ ಬೇಡ.

ಇಂತಿ,
ಡಲ್ಲಾಸ್ ಕಡೆಯ ಒಬ್ಬ ಅಮ್ಮ